ಸೊಂಟಮಟ್ಟ ನೀರು

ನಂಜನಗೂಡಿನ ಆಚೆ ಹೆದ್ದಾರಿ ಬದಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಾಣಿಯ ಕೆಲಸ ಬರೆಯುವುದು. ಪತ್ರಿಕೆಗೆ ಪ್ರಕಟಣೆ, ಜಾಹೀರಾತಿಗೆ ಮಾತು, ಯಾರಾದರೂ ತೀರಿಕೊಂಡರೆ ಸಂತಾಪ. ಅವಳು ಬರೆದದ್ದನ್ನೇ ಆಫೀಸಿನವರು ಎಲ್ಲದಕ್ಕೂ ಕಾಪಿ ಹೊಡೆಯುತ್ತಿದ್ದರು.

ಮಂಗಳವಾರ ಅಡ್ಮಿಷನ್ ವಿಡಿಯೊಗೆಂದು ಏಳು ಜನ ವಿದ್ಯಾರ್ಥಿಗಳನ್ನು ಕಾಲೇಜು ವ್ಯಾನಿನಲ್ಲಿ ತಿ. ನರಸೀಪುರದ ಸಂಗಮಕ್ಕೆ ಕರೆದೊಯ್ದಿದ್ದರು. ಕವಲಂದೆಯ ಮದನ್ ಮುಳುಗಿಹೋದ. ಸಂಜೆ ಹೆಣ ಸಿಕ್ಕಿತು. 'ಸೊಂಟಮಟ್ಟ ನೀರಿನಲ್ಲಿ ನಿಂತು ಎಲ್ಲರೂ ಕೈ ಎತ್ತುವುದು' ಎಂದು ಚಿತ್ರೀಕರಣದ ಪಟ್ಟಿಯಲ್ಲಿ ಬರೆದವಳು ವಾಣಿ. ಕುರ್ಚಿಯಲ್ಲಿ ಕೂತು ಬರೆದಿದ್ದಳು. ನೀರು ನೋಡಿರಲಿಲ್ಲ.

"ರಜೆ ಹಾಕಿ ಸ್ನೇಹಿತರ ಜೊತೆ ಈಜೋಕೆ ಹೋಗಿದ್ದ ಅಂತ ಬರೀರಿ," ಎಂದರು ಪ್ರಿನ್ಸಿಪಾಲ್ ಅಮೃತೇಶ್. ಬರೆದಳು. ಪತ್ರಿಕೆಗೆ ಕೊಡುವ ಪ್ರಕಟಣೆ, ಹತ್ತು ನಿಮಿಷವೂ ಹಿಡಿಯಲಿಲ್ಲ.

ಮರುದಿನ ಬೆಳಿಗ್ಗೆ ಶ್ರದ್ಧಾಂಜಲಿ ಫ್ಲೆಕ್ಸಿಗೆ ಫೋಟೊ ಇಸಕೊಂಡು ಬರಲು ಅವಳನ್ನು ನರಸೀಪುರದ ಶವಾಗಾರಕ್ಕೆ ಕಳಿಸಿದರು. ಬೇವಿನ ಮರದಡಿ ಮದನನ ತಾಯಿ ಜವರಮ್ಮ ಕೂತಿದ್ದಳು. ಪಕ್ಕದಲ್ಲಿ ಕಾಲೇಜಿನ ಗುಮಾಸ್ತ ನಂಜೇಶ್, ಕೈಯಲ್ಲಿ ಟೈಪಾದ ದೂರು, ಇಂಕ್ ಪ್ಯಾಡು.

"ಹೆಬ್ಬೆಟ್ ಒತ್ತವ್ವ ಬಿರ್ನೆ. ಪೊಲೀಸ್ರಿಗೆ ಇದ ಕೊಟ್ರೇನೇ ಬಾಡಿ ಬಿಡಾದು."

"ಏನ್ ಬರ್ದದಪ್ಪಾ ಅದ್ರಲ್ಲಿ?"

"ನಿನ್ ಮಗ ಸತ್ತೋದ ಅಂತ. ಇನ್ನೇನ್ ಬರೀತಾರೆ, ಲಗ್ನಪತ್ರಿಕೆಯಾ?"

ವಾಣಿ ಬಗ್ಗಿ ನೋಡಿದಳು. ತನ್ನದೇ ವಾಕ್ಯ. ಮೊದಲಿಗೆ 'ನನ್ನ ಮಗ' ಎಂದು ಸೇರಿಸಿದ್ದರು, ಅಷ್ಟೆ.

ಎರಡು ವರ್ಷದ ಹಿಂದೆ ವಾಣಿಯ ಗಂಡ ಬಾಯ್ಲರ್ ಬಳಿ ಸತ್ತಾಗ ಕಾರ್ಖಾನೆಯವರು ಅವಳ ಮುಂದೆಯೂ ಇಂಥದೊಂದು ಕಾಗದ ಹಿಡಿದಿದ್ದರು. ಓದದೆ ಸಹಿ ಹಾಕಿದ್ದಳು.

"ಒತ್ತಬೇಡಿ ಅಮ್ಮ," ಎಂದಳು. "ಅವನಾಗೇ ಈಜೋಕೆ ಹೋದ ಅಂತ ಇದೆ ಇದರಲ್ಲಿ. ಕಾಲೇಜೇ ಕರ್ಕೊಂಡು ಹೋಗಿದ್ದು."

"ಮೇಡಂ, ಕೆಲ್ಸ ಬ್ಯಾಡ್ವಾ ನಿಮ್ಗೆ?" ನಂಜೇಶ್ ಎದ್ದು ನಿಂತ.

ವಾಣಿ ಫೋನ್ ತೆಗೆದು ಪಟ್ಟಿಯನ್ನು ಓದಿ ಹೇಳಿದಳು. ವ್ಯಾನು ಹೊರಡುವ ಹೊತ್ತು. ಏಳು ಹೆಸರು, ಮೂರನೆಯದು ಮದನ್. ಆಮೇಲೆ ಸೊಂಟಮಟ್ಟ ನೀರು.

ಜವರಮ್ಮನ ಹೆಬ್ಬೆರಳಿಗೆ ಆಗಲೇ ನೀಲಿ ಮೆತ್ತಿತ್ತು.

"ನೀರ್ಗಿಳೀರಿ ಅಂತ ಬರ್ದೋರ್ಯಾರು?"

"ನಾನು."

"ಇದ?" ದೂರಿನತ್ತ ಕೈ ತೋರಿದಳು.

"ಅದೂ ನಾನೇ."

ಅತ್ತ ನಂಜೇಶ್ ಪ್ರಿನ್ಸಿಪಾಲರಿಗೆ ಫೋನ್ ಹಚ್ಚಿದ್ದ. ಜವರಮ್ಮ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು, ಸ್ವಲ್ಪ ಸರಿದು, ನೆಲದ ಮೇಲೆ ಜಾಗ ಮಾಡಿದಳು.

"ಕೂತ್ಕೊ. ಇನ್ನೊಂದೂ ನೀನೇ ಬರಿ. ಈ ಸಲ ನಾ ಯೋಳ್ತೀನಿ."