ಮೊದಲ ವೀಳ್ಯ

ಪಟೇಲ ಸಿದ್ದಮಲ್ಲಪ್ಪನಿಗೆ ವಂಶದ ಹೆಮ್ಮೆ ಬಿಟ್ಟರೆ ಹೇಳಿಕೊಳ್ಳುವಂಥದ್ದು ಬೇರೇನೂ ಇಲ್ಲ, ಆ ಹೆಮ್ಮೆಯೂ ಎರವಲಿನದು ಎಂಬುದು ಮುದುಕಿ ಮಂಚಮ್ಮನ ಮಾತು.

ಬನ್ನೂರಿಗೂ ತಲಕಾಡಿಗೂ ನಡುವೆ, ಹಳ್ಳದ ಗುಂಟ ಈಚಲು ಮರಗಳು ಒತ್ತಾಗಿ ಬೆಳೆದ ಕಡೆ ಈಚಲಕೊಪ್ಪಲು ಹುಟ್ಟಿತು. ಹುಟ್ಟಿಸಿದವನು ಮಂಚಮ್ಮನ ಗಂಡನ ಮುತ್ತಾತ, ಈಡಿಗರ ಚಿಕ್ಕಮಾದು. ಹೆಂಡ ಇಳಿಸಲು ಬಂದವನು ಅಲ್ಲೇ ಗುಡಿಸಲು ಹಾಕಿದ. ಹೆಂಡ ಇದ್ದಲ್ಲಿ ಜನ ನೆರೆದರು. ನೆರೆದ ಜನಕ್ಕೆ ಅಕ್ಕಿ ಬೇಳೆ ಮಾರಲು ಎತ್ತಿನ ಮೇಲೆ ಮೂಟೆ ಹೇರಿಕೊಂಡು ಬಂದವನು ಪಟೇಲನ ಮುತ್ತಾತ. ಇಷ್ಟೇ ಊರಿನ ಪುರಾಣ. ಅದಕ್ಕೇ ಅಲ್ಲಿ ಯಾರ ಮನೆ ಮದುವೆಯಾದರೂ ಚಪ್ಪರ ಹಾಕುವ ಮುನ್ನ ಮೊದಲ ವೀಳ್ಯ ಚಿಕ್ಕಮಾದುವಿನ ಮನೆಗೆ ಹೋಗಬೇಕು. ತಪ್ಪಿದರೆ ಮದುಮಗಳ ಬಾಳು ನೆಟ್ಟಗಾಗದು ಎಂದು ಪಟೇಲನ ಮನೆಯವರೂ ಹೆದರುತ್ತಿದ್ದರು.

ಸರ್ಕಾರದವರು ಊರೂರಿನ ಚರಿತ್ರೆ ಬರೆಸುತ್ತಿದ್ದ ಕಾಲ ಅದು. ಮೈಸೂರಿನಿಂದ ಒಬ್ಬ ಗುಮಾಸ್ತ ಬಂದು ಚಾವಡಿಯಲ್ಲಿ ಕೂತ. ಪಟೇಲ ಅವನಿಗೆ ಹಾಲು ಹಣ್ಣಿನ ಜೊತೆಗೆ ಒಂದು ಹೊಸ ಕಥೆಯನ್ನೂ ಬಡಿಸಿದ. ಶಿವ ಪಟೇಲನ ಮುತ್ತಾತನ ಕನಸಿನಲ್ಲಿ ಬಂದು ಇಲ್ಲೊಂದು ಊರು ಕಟ್ಟು ಎಂದನಂತೆ. ಈಡಿಗರು ಆಮೇಲೆ ಹೊಟ್ಟೆಪಾಡಿಗೆ ಬಂದು ಸೇರಿದರಂತೆ. ಪಾಪ, ಶಿವನಿಗೆ ಬೇರೆ ಕೆಲಸವಿರಲಿಲ್ಲ.

ಸುದ್ದಿ ಕಿವಿಗೆ ಬಿದ್ದಾಗ ಮಂಚಮ್ಮನ ಮೈಯೆಲ್ಲ ಉರಿದುಹೋಯಿತು. ಗಂಡನನ್ನೂ ಇದ್ದೊಬ್ಬ ಮಗನನ್ನೂ ಮಣ್ಣು ಮಾಡಿದವಳಿಗೆ ಉಳಿದದ್ದು ಮನೆತನದ ಹೆಸರೊಂದೇ. ಅದನ್ನೂ ಈ ಮನುಷ್ಯ ಕಾಗದದಲ್ಲಿ ಹೂಳಲು ಹೊರಟಿದ್ದ.

ಮಾರನೆಯ ದಿನ ಪಟೇಲನ ಮಗಳ ಮದುವೆಗೆ ಚಪ್ಪರ. ಬೆಳಗ್ಗೆಯೇ ಮಂಚಮ್ಮನ ಹಿತ್ತಲ ಬೇಲಿ ಸದ್ದಾಯಿತು. ನೋಡಿದರೆ ಪಟೇಲನ ಹೆಂಡತಿ ಸಿದ್ದಲಿಂಗಮ್ಮ, ಸೆರಗಿನ ಮರೆಯಲ್ಲಿ ಎಲೆ ಅಡಿಕೆ ತೆಂಗಿನಕಾಯಿಯ ತಟ್ಟೆ.

"ಬೇಗ ಈಸ್ಕೊ ಮಂಚಮ್ಮ. ಯಾರಾದ್ರೂ ಕಂಡಾರು."

"ಯಾಕವ್ವ, ಕದ್ದ ಮಾಲಾ? ನಿಮ್ಮತ್ತೆ ವಾಲಗ ಊದಿಸ್ಕೊಂಡು ಮುಂಬಾಗ್ಲಿಗೆ ಬಂದಿದ್ರು."

"ಚಾವಡೀಲಿ ಮೈಸೂರೋರು ಅವ್ರೆ ಕಣೆ. ಯಜಮಾನ್ರ ಮಾನ ಓಯ್ತದೆ."

"ಇದ್ರೆ ತಾನೆ ಓಗೋದು? ತಟ್ಟೆ ಇಡ್ಕೊಂಡು ಅವ್ರೇ ಬರ್ಲಿ. ಇತ್ತಲಿಂದ ಬರೋದು ನಾಯಿ, ವೀಳ್ಯ ಅಲ್ಲ."

ಸಿದ್ದಲಿಂಗಮ್ಮ ಕಣ್ಣೊರೆಸಿಕೊಂಡು ಹಿಂದಿರುಗಿದಳು. ಮಂಚಮ್ಮನಿಗೆ ಮರುಕವಾಯಿತು, ಆದರೂ ಜಗ್ಗಲಿಲ್ಲ.

ಬಿಸಿಲೇರಿತು. ಚಪ್ಪರಕ್ಕೆ ಬಂದ ಆಳುಗಳು ಕಂಬ ಕೆಳಗಿಟ್ಟು ಕೂತರು. ವೀಳ್ಯ ಹೋಗದೆ ಗುಂಡಿ ತೋಡುವ ಧೈರ್ಯ ಒಬ್ಬನಿಗೂ ಇರಲಿಲ್ಲ. ಸಂಜೆಗೆ ಗಂಡಿನ ಕಡೆಯ ಗಾಡಿಗಳು ಬರುವುದಿತ್ತು. ಕೊನೆಗೆ ನಡುಮಧ್ಯಾಹ್ನ ವಾಲಗದ ಸದ್ದು ಕೇಳಿತು. ಸಿದ್ದಮಲ್ಲಪ್ಪ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು, ಚಾವಡಿಯ ಮುಂದೆಯೇ ತಟ್ಟೆ ಹೊತ್ತು ಬಂದ. ಏನು ವಿಶೇಷವೆಂದು ನೋಡಲು ಗುಮಾಸ್ತನೂ ಹಿಂದೆಯೇ ಬಂದ.

"ತಕೊ ತಾಯಿ," ಎಂದ ಪಟೇಲ, ಹಲ್ಲು ಕಚ್ಚಿ.

"ಯಾರ ಮನೆಗೆ ಈ ವೀಳ್ಯ ಪಟೇಲ್ರೆ? ಜೋರಾಗೇಳಿ."

"ಊರು ಕಟ್ಟಿದ ಚಿಕ್ಕಮಾದಪ್ಪನ ಮನೆಗೆ," ಎಂದ ಪಟೇಲ ನೆಲ ನೋಡುತ್ತ.

ಮಂಚಮ್ಮ ತಟ್ಟೆ ತೆಗೆದುಕೊಂಡಳು. ಮದುಮಗಳನ್ನು ಮನಸಾರೆ ಹರಸಿದಳು. ಆಮೇಲೆ ಗುಮಾಸ್ತನತ್ತ ತಿರುಗಿದಳು.

"ಕೇಳುಸ್ತಾ ಸಾ? ಬರ್ಕೊಳಿ."

ಗುಮಾಸ್ತ ನಕ್ಕ. "ನಿನ್ನೆಯೇ ಬರೆದು ಮುಗಿಸಿದೆ. ಪಟೇಲರ ರುಜುವೂ ಆಗಿದೆ. ಹೆಂಡದವರು ಊರು ಕಟ್ಟಿದರು ಅಂತ ಸರ್ಕಾರದ ಪುಸ್ತಕದಲ್ಲಿ ಬರೆಯೋಕಾಗುತ್ತೇನಮ್ಮ?"

ಪಟೇಲನ ಮುಖಕ್ಕೆ ಕಳೆ ಬಂತು. ಕೈ ಮೀಸೆಗೆ ಹೋಯಿತು. ಮಂಚಮ್ಮ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ ತಟ್ಟೆಯಿಂದ ಒಂದು ಎಲೆ ಎತ್ತಿ ಬಾಯಿಗಿಟ್ಟುಕೊಂಡಳು.

"ಇರ್ಲಿ ಬುಡಿ ಸಾ. ನಿಮ್ ಪುಸ್ತಕ ಮೈಸೂರಲ್ಲಿರ್ತದೆ. ಪಟೇಲ್ರಿಗೆ ಇನ್ನೂ ಮೂವರು ಎಣ್ಮಕ್ಳು ಇಲ್ಲೇ ಅವ್ರೆ."