ಉಡುದಾರ

ಕತ್ತರಿ ಹಿಡಿದ ಕದಿರೇಶ ಅಣ್ಣನ ಸೊಂಟದಲ್ಲಿ ಉಡುದಾರ ಹುಡುಕುತ್ತಿದ್ದ. ಹೊಟ್ಟೆಯ ಮಡಿಕೆಯೊಳಗೆ ಅದು ಹುದುಗಿಹೋಗಿತ್ತು. ಮಣ್ಣಿಗೆ ಹೋಗುವವನ ಮೈಮೇಲೆ ದಾರವೂ ಉಳಿಯಬಾರದು. ಕೊನೆಗೆ ಸಿಕ್ಕಿತು, ಮೂರು ಕಡೆ ತುಂಡು ಸೇರಿಸಿ ಗಂಟು ಹಾಕಿದ ಕರಿಯ ದಾರ.

"ಮೂರು ಸಲ ಉದ್ದ ಮಾಡ್ಕೊಂಡವ್ನೆ ನಮ್ಮಣ್ಣ" ಎಂದ. ದಾರವನ್ನು ಕತ್ತರಿಸಿ ಜಗಲಿಯ ಮೊಳೆಗೆ ಸಿಕ್ಕಿಸಿದ.

ಮುನಿಶಾಮಿ ಸುಗಟೂರಿನ ಡೈರಿಯಲ್ಲಿ ಇಪ್ಪತ್ತೆಂಟು ವರ್ಷ ಹಾಲಿನ ಫ್ಯಾಟು ನೋಡಿದವನು. ಹಿಂದಿನ ಬೆಳಿಗ್ಗೆ ಡೈರಿಯ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ. ನೀರು ಬೆರೆಸಿದ ಹಾಲು ಯಾರದಾದರೂ ಹಿಂದಕ್ಕೆ ಕಳಿಸುತ್ತಿದ್ದನೆಂದು, ಸ್ವಂತ ಅತ್ತೆಯನ್ನೂ ಬಿಟ್ಟವನಲ್ಲವೆಂದು ಅಂಗಳದಲ್ಲಿ ಕೂತವರು ನೆನೆದರು. ಬಾಯಿಗೆ ಬಿಡುವ ಹಾಲು ತಂದ, ಡೈರಿಗೆ ದಿನವೂ ಹಾಲು ಹಾಕುವ ಸುನಂದ ಹೆಣದ ಕಿವಿಯ ಬಳಿ ಬಾಗಿ, "ನೀರಾಕಿಲ್ಲ ಕಣಣ್ಣ, ಇವತ್ತಾದ್ರೂ ನಂಬು" ಎಂದು ಅತ್ತಳು.

ಮಗ ಚಂದ್ರಮೋಹನ ಹಾಲು ಬಿಟ್ಟ. ಬಾಗಲು ಅವನಿಗೆ ಹೊಟ್ಟೆ ಅಡ್ಡ ಬಂತು. ತಾಯಿ ಭಾರತಮ್ಮ ಅದನ್ನೇ ನೋಡುತ್ತಿದ್ದಳು.

* * *

ಮೂರು ವರ್ಷದ ಹಿಂದೆ ಕೋಲಾರದ ಡಾಕ್ಟರು ಟೇಪು ಹಿಡಿದು ಮುನಿಶಾಮಿಯ ಸೊಂಟ ಅಳೆದಿದ್ದರು. ಸಕ್ಕರೆ, ಬಿ.ಪಿ., ಹೊಟ್ಟೆ, ರಕ್ತದಲ್ಲಿ ಕೊಬ್ಬು, ನಾಲ್ಕೂ ಒಟ್ಟಿಗೆ ಸೇರಿವೆ, ಹೃದಯಕ್ಕೆ ಒಳ್ಳೆಯದಲ್ಲ ಎಂದು ಗುಳಿಗೆ ಬರೆದರು. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಲು ಹೇಳಿದರು.

ಪರೀಕ್ಷೆಗೆ ಹತ್ತು ದಿನವಿದೆ ಎನ್ನುವಾಗ ಮುನಿಶಾಮಿ ಬೇರೆ ಮನುಷ್ಯನಾಗುತ್ತಿದ್ದ. ಬೋಂಡ, ಬಾಡು, ಸಂಜೆಯ ಗ್ಲಾಸು ಎಲ್ಲ ಬಂದ್. ಒಂದು ಮುದ್ದೆ, ಉಪ್ಪುಸಾರು, ಕೆರೆ ಏರಿಯ ಮೇಲೆ ನಡಿಗೆ. ವರದಿಯಲ್ಲಿ ಟ್ರೈಗ್ಲಿಸರೈಡು ಎಂಬ ಕೊಬ್ಬು ಇಳಿದಿರುತ್ತಿತ್ತು. ಕಾಗದ ಕೈಗೆ ಬಂದ ಸಂಜೆಯೇ ಮತ್ತೆ ಬೋಂಡ. ಕಳೆದ ಸಲ ಗುಳಿಗೆಯನ್ನೂ ತಾನೇ ನಿಲ್ಲಿಸಿದ.

"ಊರೋರು ಹಾಲಿಗೆ ನೀರಾಕಿದ್ರೆ ಹಿಡೀತೀರ. ನೀವು ಮಾಡ್ತಿರೋದೇನು?" ಎಂದು ಭಾರತಮ್ಮ ಕೇಳಿದ್ದಳು.

"ಡಾಕ್ಟರಿಗೆ ಹೇಳ್ಬೇಡ ಕಣೇ."

ಅವಳು ಹೇಳಲಿಲ್ಲ.

* * *

ಮಣ್ಣು ಮಾಡಿ ಬಂದ ಮೇಲೆ ಪಕ್ಕದ ಮನೆಯವರು ಅನ್ನ ಸಾರು ತಂದರು. ಚಂದ್ರಮೋಹನ ಅನ್ನ ಬೇಡವೆಂದ. ಸೋಮವಾರ ತನಗೂ ರಕ್ತ ಪರೀಕ್ಷೆಯಿದೆ, ವಾರದಿಂದ ಮುದ್ದೆಯೊಂದೇ ತಿನ್ನುತ್ತಿದ್ದೇನೆ, ಅಪ್ಪನೇ ಹೇಳಿಕೊಟ್ಟದ್ದು ಎಂದ.

ಹೆಣವಿಟ್ಟ ಜಾಗದಲ್ಲಿ ದೀಪ ಉರಿಯುತ್ತಿತ್ತು. ಭಾರತಮ್ಮ ಅದಕ್ಕೆ ಎಣ್ಣೆ ಹಾಕಿ ಎದ್ದಳು.

"ನಂಗೆಲ್ಲ ಗೊತ್ತಿತ್ತು ಕಣೋ. ಡಾಕ್ಟರ ಎದುರಿಗೇ ಕೂತು ಬಾಯಿ ಬಿಡ್ಲಿಲ್ಲ. ಸೋಮವಾರ ನಿನ್ ಜೊತೆ ಬರ್ತೀನಿ. ಎಲ್ಲ ಹೇಳ್ತೀನಿ."

"ಸೂತಕ ಅತ್ತಿಗೆ" ಎಂದ ಕದಿರೇಶ. "ಹನ್ನೊಂದು ದಿನ ನೀವು ಹೊಸಲು ದಾಟಂಗಿಲ್ಲ."

"ದೇವರ ಹತ್ರ ನಾನು ಮಾತಾಡ್ಕೋತೀನಿ."

ಅವಳು ಜಗಲಿಗೆ ಹೋಗಿ ಮೊಳೆಯಿಂದ ಉಡುದಾರ ತಂದಳು. ಸತ್ತವನದು ಬೇಡ ಎಂದು ಕದಿರೇಶ ಕೈ ಅಡ್ಡ ಹಿಡಿದ. ಅವಳು ಕಟ್ಟಲು ಬಂದಿರಲಿಲ್ಲ. ಮಗನನ್ನು ನಿಲ್ಲಿಸಿ, ಡಾಕ್ಟರು ಟೇಪು ಹಿಡಿದಂತೆ ದಾರವನ್ನು ಅವನ ಹೊಟ್ಟೆಯ ಸುತ್ತ ತಂದಳು. ಮೂರು ಗಂಟುಗಳೂ ಹೊಟ್ಟೆಯ ಮೇಲೆ ಸಾಲಾಗಿ ಬಂದವು. ಎರಡು ತುದಿಗಳ ನಡುವೆ ಇನ್ನೂ ನಾಲ್ಕು ಬೆರಳು ಜಾಗ ಉಳಿದಿತ್ತು.