ಬ್ರೇಕಿನ ಮೇಲಿನ ಕಾಲು

"ಕುಂದರ್ರಿ ವೈನಿ. ಹೆದರಬ್ಯಾಡ್ರಿ, ಗಾಡಿ ಎಲ್ಲಿಗೂ ಹೋಗೂದಿಲ್ಲ," ಎಂದ ಮಿಸ್ತ್ರಿ ನಬಿಲಾಲ.

ಎಲ್ಲಿಗೆ ಹೋದೀತು? ಮುಂದಿನ ಎಡಭಾಗವೆಲ್ಲ ನುಜ್ಜುಗುಜ್ಜಾದ ಕಾರು ತಾಳಿಕೋಟೆಯ ಅವನ ತಗಡಿನ ಶೆಡ್ಡಿನೊಳಗೆ ಜಾಕಿನ ಮೇಲೆ ನಿಂತಿತ್ತು. ಬಲಗಡೆಯ ಬಾಗಿಲು ಮಾತ್ರ ಏನೂ ನಡೆದೇ ಇಲ್ಲವೆಂಬ ಹಾಗೆ ಸಲೀಸಾಗಿ ತೆರೆದುಕೊಂಡಿತು. ಸುನಂದಾ ಸ್ಟೇರಿಂಗಿನ ಮುಂದೆ ಕೂತಳು. ಎಡಕ್ಕೆ ನೋಡಬಾರದೆಂದು ಬಸ್ಸಿನಲ್ಲಿ ಬರುವಾಗಲೇ ಗಟ್ಟಿ ಮಾಡಿಕೊಂಡಿದ್ದಳು. ಆದರೂ ನೋಡಿದಳು. ಅಲ್ಲಿ ಸೀಟೇ ಇರಲಿಲ್ಲ. ನಬಿಲಾಲ ಅದನ್ನು ಮೊದಲೇ ಬಿಚ್ಚಿ ಎಲ್ಲೋ ಎತ್ತಿಟ್ಟಿದ್ದ. ಪುಣ್ಯಾತ್ಮ, ಅಷ್ಟು ತಿಳಿದುಕೊಂಡಿದ್ದ.

ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. ಆವತ್ತು ಬಿದ್ದದ್ದು ಇಂಥ ಮಳೆಯಲ್ಲ, ಮೊದಲ ಮಳೆ, ಧೋ ಎಂದು ಸುರಿದಿತ್ತು. ಕಾರಹುಣ್ಣಿಮೆಯ ಮರುದಿನ ಗಂಡ ಹೆಂಡತಿ ಗೊಳಸಂಗಿಯಿಂದ ತಾಳಿಕೋಟೆಯ ನೆಂಟರ ಮನೆಗೆ ಹೊರಟಿದ್ದರು. "ಇವತ್ತ ನೀನ ಹೊಡಿ, ನಾ ಸಾಹೇಬನಂಗ ಬಾಜೂಕ ಕುಂದ್ರತೇನಿ," ಎಂದು ಕೀಲಿಕೈಯನ್ನು ಅವಳತ್ತ ಒಗೆದಿದ್ದ ಸಂಗಮೇಶ. ಹೊಲದ ದಾರಿಯಲ್ಲಿ ಬೈದು, ನಕ್ಕು, ಮತ್ತೆ ಬೈದು ಅವಳಿಗೆ ಗಾಡಿ ಕಲಿಸಿದವನೂ ಅವನೇ. ಮುದ್ದೇಬಿಹಾಳ ದಾಟಿದ ಮೇಲೆ, ನಡುರಸ್ತೆಯಲ್ಲಿ ದೀಪವಿಲ್ಲದೆ ಕೆಟ್ಟು ನಿಂತಿದ್ದ ಟ್ರೇಲರು ಮಳೆಯ ಪರದೆಯೊಳಗಿಂದ ಧುತ್ತೆಂದು ಎದುರಾಯಿತು. ಸುನಂದಾ ಭುಜ ಮುರಿದುಕೊಂಡು ಮನೆಗೆ ಬಂದಳು. ಸಂಗಮೇಶ ಬರಲಿಲ್ಲ.

ಊರಿನ ಬಾಯಿ ಕೇಳಬೇಕೆ! ಹೆಣ್ಣಿನ ಕೈಗೆ ಗಾಡಿ ಕೊಟ್ಟು ಜೀವ ಕಳಕೊಂಡ ಎಂದರು. ಮಣ್ಣಿಗೆ ಬಂದವರೂ ಅಂದರು, ಬಾರದವರೂ ಅಂದರು. ಅದೆಲ್ಲ ಅವಳಿಗೆ ತಾಗಲಿಲ್ಲ. ತಾಗಿದ್ದು ಅತ್ತೆ ಕಸ್ತೂರೆವ್ವನ ಒಂದೇ ಮಾತು. ಬಂದವರೆಲ್ಲ ಹೋಗಿ ಮನೆಯಲ್ಲಿ ಇಬ್ಬರೇ ಉಳಿದಾಗ ಮುದುಕಿ ಅವಳ ಮುಖ ನೋಡದೆ ಕೇಳಿದ್ದಳು: "ಬ್ರೇಕಿನ ಮ್ಯಾಲ ಕಾಲ ಇಟ್ಟಿದ್ದಿ ಏನವ್ವಾ?"

"ಇಟ್ಟಿದ್ನಿರಿ ಅತ್ತಿ," ಅಂದಿದ್ದಳು. ಇಟ್ಟಿದ್ದಳಲ್ಲವೇ? ಅಂದಿನಿಂದ ಅದೇ ಹುಳ ಹೊಕ್ಕಿತ್ತು. ಗಾಬರಿಯಲ್ಲಿ ಕ್ಲಚ್ಚು ಒತ್ತಿದೆನೋ ಏನೋ. ಬ್ರೇಕನ್ನೇ ಒತ್ತಿದ್ದರೆ ಗಾಡಿ ಯಾಕೆ ನಿಲ್ಲಲಿಲ್ಲ? ರೊಟ್ಟಿ ಬಡಿಯುವಾಗ, ಸಾಲಿಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುವಾಗ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಅತ್ತೆ ಆಮೇಲೆ ಆ ಮಾತು ಎತ್ತಲಿಲ್ಲ. ಬೇರೆ ಮಾತೂ ಆಡಲಿಲ್ಲ. ಬೈದಿದ್ದರೆ, ಬಡಿದಿದ್ದರೆ ಎಷ್ಟೋ ಚಲೋ ಇತ್ತು. ಕೊನೆಗೆ, ಕಾರನ್ನು ಗುಜರಿಗೆ ಹಾಕಲೇ ಎಂದು ಸಂಗಮೇಶನ ಗೆಳೆಯ ನಬಿಲಾಲ ಕೇಳಿದಾಗ, "ಮೊದಲ ಬ್ರೇಕ ನೋಡ್ರಿ. ತಪ್ಪ ನಂದೋ ಗಾಡೀದೋ ನನಗ ಗೊತ್ತಾಗಬೇಕು," ಎಂದು ಬಂದಿದ್ದಳು.

"ಟಾಯರ ಹೊಸಾವು, ಕಚ್ಚು ಚಂದ ಅದಾವು," ಎಂದ ನಬಿಲಾಲ ಬಲಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು. "ಬ್ರೇಕ ಆಯಿಲ್ ತುಂಬಿತ್ತು. ಪೈಪ ಎಲ್ಲೂ ಸೋರಿಲ್ಲ. ಹಂಗಿದ್ರ ನಿಲ್ಲಬೇಕಿತ್ತಲ್ಲ ಇದು! ಈಗ ಒತ್ತರಿ ನೋಡೂಣು."

ಅವಳು ಬ್ರೇಕಿನ ಮೇಲೆ ಕಾಲಿಟ್ಟಳು. ಒತ್ತಿದಳು. ನಬಿಲಾಲ ಟಾಯರನ್ನು ಎರಡೂ ಕೈಯಲ್ಲಿ ತಬ್ಬಿ ತಿರುವಿದ. ಅಲುಗಬಾರದಿದ್ದ ಗಾಲಿ ಮುಲುಗುತ್ತ ಒಂದಿಷ್ಟು ತಿರುಗಿತು. ಅವನು ಹುಬ್ಬು ಗಂಟಿಕ್ಕಿ ತಂಬಿಗೆಯ ನೀರನ್ನು ಗಾಲಿಯ ತೂತುಗಳೊಳಗೆ ಸುರಿದ.

"ಈಗ ಒತ್ತರಿ. ಪೂರಾ ಒತ್ತರಿ."

"ಒತ್ತೇನ್ರಿ."

"ಕಾಲಾಗಿನ ಜೀವೆಲ್ಲಾ ಹಾಕ್ರಿ!"

"ಹಾಕೇನಿ ನಬಿಲಾಲಣ್ಣಾ, ಹಾಕೇನಿ!" ಎಂದು ಕೂಗಿದಳು. ಬೆನ್ನು ಸೀಟಿಗೆ ಒತ್ತಿಕೊಂಡಿತ್ತು. ಮುರಿದು ಕೂಡಿದ ಭುಜ ಚುರ್ರೆಂದಿತು. ಗಾಲಿ ಮಾತ್ರ ನಬಿಲಾಲನ ಕೈಯಲ್ಲಿ ತಣ್ಣಗೆ ಜಾರಿ ಒಂದು ಪೂರ್ತಿ ಸುತ್ತು ತಿರುಗಿತು.

ಅವಳಿಗೆ ಆ ಮಳೆ, ಆ ಟ್ರೇಲರಿನ ಹಿಂಬದಿ, ತುದಿಗಾಲಲ್ಲಿ ನಿಂತಂತೆ ಒತ್ತಿದ ತನ್ನ ಕಾಲು ಎಲ್ಲ ಒಮ್ಮೆಲೇ ಕಣ್ಣಿಗೆ ಕಟ್ಟಿದವು. ಒತ್ತಿದ್ದೆ. ದೇವರೇ, ನಾನು ಒತ್ತಿದ್ದೆ. ಸ್ಟೇರಿಂಗಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ನಬಿಲಾಲ ಗಾಲಿ ಬಿಚ್ಚತೊಡಗಿದ.

ಅವಳು ಇಳಿದು ಬರುವಷ್ಟರಲ್ಲಿ ಅವನು ಒಳಗಿನ ತಟ್ಟೆಯನ್ನು ಕಚ್ಚಿ ಹಿಡಿಯುವ ಎರಡು ಪ್ಯಾಡು ತೆಗೆದು ಅಂಗೈ ಮೇಲೆ ಇಟ್ಟುಕೊಂಡಿದ್ದ. ಮುಖ ಕೆಂಪಗಾಗಿತ್ತು.

"ಎಣ್ಣಿ ಕುಡದು ಕುಂತಾವ ನೋಡ್ರಿ ಇವು! ಒಣ ರಸ್ತಾದಾಗ ನಿಧಾನಕ ಹೊಡದ್ರ ಹೆಂಗೋ ನಿಲ್ಲಿಸಿರ್ತಾವು. ಮಳಿ ನೀರ ಬಿತ್ತೋ, ಸಾಬಾಣ ಹಚ್ಚಿದ ಕೈಲೆ ಕಲ್ಲ ಹಿಡದಂಗ. ಇದು ಗಾಡಿ ಆಯಿಲ್ ಅಲ್ರಿ, ಮೂಸಿ ನೋಡ್ರಿ. ಕುಸುಬಿ ಎಣ್ಣಿ! ಅಡಗಿ ಎಣ್ಣೀನ ಯಾ ಶಾಣ್ಯಾ ತಂದು ಇದರಾಗ ಹೊಯ್ದಾನ?"

ಗಾಲಿಯ ಒಳಅಂಚಿನಲ್ಲಿ ಹಳದಿ ಗೆರೆಯೊಂದು ಒಣಗಿ ಹಿಡಿದಿತ್ತು. ಅರಿಷಿಣ.

ಸುನಂದಾ ಆ ಗೆರೆಯ ಮೇಲೆ ಬೆರಳಾಡಿಸಿದಳು. ಎತ್ತು ಮಾರಿ ಕಾರು ತಂದ ವರ್ಷದಿಂದಲೂ ಕಸ್ತೂರೆವ್ವ ಎತ್ತುಗಳ ಹಬ್ಬವಾದ ಕಾರಹುಣ್ಣಿಮೆಯನ್ನು ಬಿಟ್ಟಿರಲಿಲ್ಲ. ಎತ್ತಿಗೆ ಮಾಡಿದ್ದನ್ನೆಲ್ಲ ಕಾರಿಗೆ ಮಾಡುತ್ತಿದ್ದಳು: ಮೈ ತೊಳೆದು, ಕನ್ನಡಿಗಳಿಗೆ ಗೊಂಡೆ ಕಟ್ಟಿ, ಹೋಳಿಗೆಯ ಎಡೆ ಹಿಡಿದು. ಮಗ ನಗುತ್ತಿದ್ದ, ಸೊಸೆಯೂ ನಗುತ್ತಿದ್ದಳು. ಈ ಸಲ ಹಬ್ಬಕ್ಕೆ ಮುಂಚೆ ಗಾಲಿಗಳು ಕಿರ್ರೆನ್ನುತ್ತಿದ್ದವು. "ಗಾಲಿ ಅಳಾಕತ್ತಾವಲ್ಲೋ, ಬಂಡಿ ಆಗಿದ್ರ ಹಿಂಗ ಬಿಡ್ತಿದ್ದೇನು?" ಎಂದು ಮುದುಕಿ ಮಗನನ್ನು ಗದರಿದ್ದಳು. ಹಬ್ಬದ ದಿನ ಹಿತ್ತಾಳೆಯ ಬಟ್ಟಲು ಹಿಡಿದು ಗಾಲಿಯ ಮುಂದೆ ಬಗ್ಗಿದ್ದನ್ನು ಸುನಂದಾ ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಅರಿಷಿಣದ ಬೊಟ್ಟು ಇಡುತ್ತಿದ್ದಾಳೆ ಅಂದುಕೊಂಡಿದ್ದಳು. ಮರುದಿನ ಹೊರಟಾಗ ಕಿರ್ರೆನ್ನುವ ಸದ್ದು ಇರಲೇ ಇಲ್ಲ.

ಅವಳು ಕಿಟಕಿಯಿಂದ ಕಂಡದ್ದನ್ನು ಹೇಳಿದಳು. ನಬಿಲಾಲ ಪ್ಯಾಡುಗಳನ್ನು ಹಿಡಿದೇ ಎದ್ದು ನಿಂತ.

"ನಾ ಬರ್ತೇನಿ ಊರಿಗೆ," ಎಂದ ಆಮೇಲೆ. "ಕಟ್ಟಿ ಮ್ಯಾಲ ನಿಂತು ಹೇಳ್ತೇನಿ. ನಿಮಗ ಏನೇನ ಅಂದ್ರು ಮಂದಿ! ನಾನೂ ಅಂದೇನಿ ವೈನಿ, ಸುಳ್ಳ ಯಾಕ ಹೇಳಲಿ."

"ಬ್ಯಾಡ."

"ಅಲ್ರಿ..."

"ನನಗ ಗೊತ್ತಾತಲ್ಲ, ಸಾಕು. ಇದ್ದೊಬ್ಬ ಮಗನ್ನ ಕಳಕೊಂಡಾಳ. ಇದೂ ತಿಳದ್ರ ಆಕಿ ಉಳಿಯೂದಿಲ್ಲ ಅಣ್ಣಾ. ನಿಮ್ಮ ಗೆಳ್ಯಾನ ಆಣಿ ಐತಿ."

ನಬಿಲಾಲ ಪ್ಯಾಡುಗಳನ್ನು ಗುಜರಿಯ ಡಬ್ಬಿಯೊಳಕ್ಕೆ ಎಸೆದ. ಗಾಲಿಯ ಹಳದಿ ಗೆರೆಯನ್ನು ಅರಿವೆಯಿಂದ ತಿಕ್ಕಿ ತಿಕ್ಕಿ ಒರೆಸಿದ.

ಮಳೆಯಿಂದ ಬ್ರೇಕು ಹಿಡಿಯಲಿಲ್ಲವಂತೆ ಎಂದು ಹೇಳುವುದೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಳು. ಸುಳ್ಳೂ ಅಲ್ಲ, ಯಾರಿಗೂ ನೋವೂ ಇಲ್ಲ. ಮಳೆ ಹೊಳವಾಗಿ ಸಂಜೆಯ ಬಿಸಿಲು ಬಿದ್ದಿತ್ತು. ಕಸ್ತೂರೆವ್ವ ಪಡಸಾಲೆಯಲ್ಲಿ ಮೊರದ ಮುಂದೆ ಕೂತು ಜೋಳ ಹಸನ ಮಾಡುತ್ತಿದ್ದಳು.

"ಏನಂದಾ ಮಿಸ್ತ್ರಿ?"

"ಮಳಿ ಬಾಳ ಇತ್ತಲ್ರಿ, ಅದಕ ಬ್ರೇಕ ಹಿಡೀಲಿಲ್ಲಂತ್ರಿ."

"ಮಳ್ಯಾಗ ಎಲ್ಲಾರೂ ಗಾಡಿ ಹೊಡೀತಾರಲ್ಲ." ಮುದುಕಿಯ ಕೈ ನಿಂತಿತು. ಎರಡು ತಿಂಗಳಲ್ಲಿ ಮೊದಲ ಸಲ ಸೊಸೆಯ ಮುಖವನ್ನು ನೆಟ್ಟಗೆ ನೋಡಿದಳು. "ಗಾಲಿಗೇನರ ಆಗಿತ್ತೇನು? ಖರೇ ಹೇಳು. ಕಿರ್ರ ಅಂತಿದ್ದುವು, ಎಣ್ಣಿ ಹೊಯ್ದಿದ್ದೆ ನಾನು. ಬಟ್ಟಲದಾಗ ಒಂದೀಟ ಉಳಸಿಕೊಂಡೆ, ವಗ್ಗರಣಿಗಿ ಬೇಕಂತ. ಪೂರಾ ಹಾಕಿದ್ರ ನನ್ನ ಮಗಾ ಉಳೀತಿದ್ದನೋ ಏನೋ. ಎಣ್ಣಿ ಕಡಿಮಿ ಬಿತ್ತೇನೋ ಅಂತ ಜೀವ ಕೊರ್ಯಾಕತ್ತೇತಿ ಸುನಂದಾ. ಕಡಿಮಿ ಬಿದ್ದಿತ್ತೇನ?"

ಸುನಂದಾ ಬಸ್ಸಿನಲ್ಲಿ ಕಟ್ಟಿಕೊಂಡು ಬಂದದ್ದು ಯಾವುದೂ ಈ ಪ್ರಶ್ನೆಗೆ ಸಾಲುವಂತಿರಲಿಲ್ಲ. ಮಧ್ಯಾಹ್ನವಷ್ಟೇ ಕೈಗೆ ಸಿಕ್ಕಿತ್ತು ತನ್ನದು ತಪ್ಪಿಲ್ಲವೆಂಬ ಖಾತ್ರಿ. ಎಷ್ಟು ಹಗುರಾಗಿತ್ತು ಮೈ!

"ಇಲ್ರಿ ಅತ್ತಿ," ಎಂದಳು. "ಗಾಲಿ ಚಲೋ ಇದ್ದುವಂತ. ಬ್ರೇಕೂ ಚಲೋ ಇದ್ದುವಂತ. ನನ್ನ ಕಾಲ... ನನ್ನ ಕಾಲ ತಡಾ ಆತ್ರಿ."

ಕಸ್ತೂರೆವ್ವ ಮೊರದೊಳಗಿನ ಜೋಳಕ್ಕೆ ಕೈ ಇಟ್ಟು ಕೂತೇ ಇದ್ದಳು. ಕೂಗಾಡುತ್ತಾಳೆ, ಮನೆ ಬಿಟ್ಟು ನಡೆ ಅನ್ನುತ್ತಾಳೆ ಎಂದು ಸುನಂದಾ ಕಾದಳು. ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅತ್ತಳು, ಜೋಳದ ಮೇಲೆಲ್ಲ ಹನಿ ಬಿದ್ದವು.

"ಬಾ ಇಲ್ಲಿ," ಎಂದಳು ಕೊನೆಗೆ. "ತಲಿ ನೋಡು, ಹಕ್ಕಿ ಗೂಡ ಆಗೇತಿ. ಕೈ ಮ್ಯಾಲ ಏಳೂದಿಲ್ಲ ಅಂದ್ರ ಬಾಯಿ ಬಿಟ್ಟು ಹೇಳಾಕ ಏನಾಗಿತ್ತ ನಿನಗ?"

ಎದ್ದು ಒಳಹೋಗಿ ಹಿತ್ತಾಳೆಯ ಬಟ್ಟಲು ತಂದಳು. ಸೊಸೆಯನ್ನು ಮುಂದೆ ಕೂಡಿಸಿಕೊಂಡು, ಒರಟು ಬೆರಳುಗಳಿಂದ ಸಿಕ್ಕು ಬಿಡಿಸುತ್ತ, ಬೈಯುತ್ತ, ಮೂಗು ಏರಿಸುತ್ತ ನೆತ್ತಿಗೆ ಎಣ್ಣೆ ಹಾಕಿದಳು. ಕುಸುಬೆ ಎಣ್ಣೆಯ ವಾಸನೆ ಬಂತು. ಮಧ್ಯಾಹ್ನ ನಬಿಲಾಲನ ಅಂಗೈಯಲ್ಲಿದ್ದ ಅದೇ ವಾಸನೆ.

"ಸಾಕ್ರಿ ಅತ್ತಿ."

"ಸುಮ್ಮ ಕುಂದ್ರ. ಈ ಸಲ ಉಳಸೂದಿಲ್ಲ," ಎಂದು ಕಸ್ತೂರೆವ್ವ ಬಟ್ಟಲನ್ನು ಪೂರ್ತಿ ಬಗ್ಗಿಸಿದಳು.

ಎಣ್ಣೆ ಹಣೆಯ ಮೇಲಿಂದ ಕಣ್ಣಿನ ಬದಿಗೆ ಇಳಿಯಿತು. ಸುನಂದಾ ಒರೆಸಿಕೊಳ್ಳಲಿಲ್ಲ. ಸೀರೆಯ ನೆರಿಗೆಯ ಕೆಳಗೆ ಅವಳ ಬಲಗಾಲು ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು.